ಕುದುರೆ ಕೊಳ್ಳುವ ಮೊದಲು

ಸುಂಟಿಕೊಪ್ಪ

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕಾಗದ ತಲುಪಿತು. ಕುಶಾಲನಗರದ ಹತ್ತಿರ ಕುದುರೆ ಸವಾರಿ ಶಾಲೆ ತೆರೆಯುತ್ತೇನೆಂದಾಗ ನಿನ್ನ ಅಪ್ಪ ಮುಖ ಸಿಂಡರಿಸಿದ ಎಂದು ಬರೆದಿದ್ದೀಯ. ನಾನು ಸಿಂಡರಿಸುವುದಿಲ್ಲ. ಜಾಗದ ಆಯ್ಕೆ ಸರಿಯಾಗಿಯೇ ಇದೆ, ಮಡಿಕೇರಿಗಿಂತ ಅಲ್ಲಿ ಮಳೆ ಬಹಳ ಕಡಿಮೆ. ಆದರೆ ನಿನ್ನ ಲೆಕ್ಕದ ಹಾಳೆಯಲ್ಲಿ ಹನ್ನೆರಡು ತಿಂಗಳೂ ಡಿಸೆಂಬರ್ ಆಗಿವೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ವರಮಾನವನ್ನು ಸೊನ್ನೆ ಎಂದು ಬರೆದು ಮತ್ತೊಮ್ಮೆ ಕೂಡಿಸಿ ನೋಡು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಪ್ರವಾಸಿಗರು ಬರುವುದೇ ನಿಂತಿತು. ಹೋಂಸ್ಟೇಯವರು ಬೀಗ ಹಾಕಿ ಕಾದರು. ಲಾಯಕ್ಕೆ ಬೀಗ ಹಾಕಲಾಗುವುದಿಲ್ಲ. 450 ಕಿಲೋ ತೂಗುವ ಕುದುರೆಗೆ ದಿನಕ್ಕೆ ಸುಮಾರು ಒಂಬತ್ತು ಕಿಲೋ ಒಣ ಮೇವು ಬೇಕು. ನೀನು ಹೇಳುವ ಐದು ಕುದುರೆಗಳಿಗೆ ಆ ನಾಲ್ಕು ತಿಂಗಳಲ್ಲೇ ಐದು ಟನ್ನಿಗೂ ಹೆಚ್ಚು ಬೇಕಾಗುತ್ತದೆ. ನಮ್ಮಲ್ಲಿ ಎಷ್ಟೋ ಗದ್ದೆಗಳು ಪಾಳು ಬಿದ್ದಿವೆ. ಹಾಗಾಗಿ ಹುಲ್ಲನ್ನು ಪಿರಿಯಾಪಟ್ಟಣ, ಹುಣಸೂರಿನ ಕಡೆಯಿಂದ ಲಾರಿಯಲ್ಲಿ ತರಿಸಬೇಕಾದೀತು. ತಂದದ್ದನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಒಟ್ಟು. ಬೂಷ್ಟು ಹಿಡಿದದ್ದನ್ನು, ದುಡ್ಡು ಕೊಟ್ಟದ್ದೆಂದು ತಿನ್ನಿಸಬೇಡ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆಶೂಲೆ ಕೆರಳಿದರೆ ಬೆಳಗಾಗುವುದರೊಳಗೆ ಪ್ರಾಣವೇ ಹೋಗಬಹುದು. ಕುದುರೆ ಬಲ್ಲ ವೈದ್ಯರು ಎಷ್ಟು ದೂರದಲ್ಲಿದ್ದಾರೆ, ರಾತ್ರಿ ಕರೆದರೆ ಬರುತ್ತಾರೆಯೇ ಎಂದು ಈಗಲೇ ಕೇಳಿಟ್ಟುಕೋ. ಲಾಳ ಕಟ್ಟುವವನೂ ಆರರಿಂದ ಎಂಟು ವಾರಕ್ಕೊಮ್ಮೆ ಬೇಕು. ಕಕ್ಕಡ ತಿಂಗಳ ಜಡಿಮಳೆಯ ಕೆಸರಿನಲ್ಲಿ ಗೊರಸಿನ ಅಡಿ ಕೊಳೆತು ನಾರುತ್ತದೆ, ದಿನವೂ ಕೆರೆದು ಒಣಗಿಸಬೇಕು.

ಐದು ಬೇಡ, ಮೂರು ಸಾಕು.

ರೇಸಿನಿಂದ ಬಿಟ್ಟ ಕುದುರೆ ಅಗ್ಗಕ್ಕೆ ಸಿಗುತ್ತದೆ ಎಂದಿದ್ದೀಯ. ಸಿಗುತ್ತದೆ, ಅಗ್ಗವಾಗಿರುವುದಕ್ಕೆ ಕಾರಣವೂ ಇದೆ. ಅದು ಕಲಿತಿರುವುದು ಓಡುವುದನ್ನು. ಎಂಟು ವರ್ಷದ ಹುಡುಗಿ ಹೆದರಿ ಲಗಾಮು ಬಿಗಿಹಿಡಿದರೆ ಅಂಥ ಕುದುರೆ ನಿಲ್ಲುವ ಬದಲು ಇನ್ನೂ ಮುಂದಕ್ಕೆ ನುಗ್ಗಬಹುದು. ಅದನ್ನು ಪಳಗಿಸಲು ತಿಂಗಳುಗಟ್ಟಲೆ ಬೇಕು, ಅಷ್ಟು ದಿನ ಅದರಿಂದ ಸಂಪಾದನೆ ಇಲ್ಲ. ಹನ್ನೆರಡು ಹದಿನೈದು ವರ್ಷದ, ಲಾರಿಯ ಹಾರನ್ನಿಗೂ ಕಿವಿ ಅಲುಗಿಸದ ಸಾಧು ಕುದುರೆಗೆ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಇನ್ನು ಪ್ರವಾಸಿಗರು. ಒಂದು ಸುತ್ತು, ಒಂದು ಫೋಟೋ, ಇನ್ನೂರು ರೂಪಾಯಿ ಕಡಿಮೆ ಮಾಡಿ ಎನ್ನುವವರು. ಅವರು ಬೇಡ ಎನ್ನುತ್ತಿಲ್ಲ, ಆದರೆ ಶಾಲೆ ನಡೆಯಬೇಕಾದದ್ದು ವಾರವಾರವೂ ಬರುವ ಊರ ಮಕ್ಕಳಿಂದ, ತಿಂಗಳ ಶುಲ್ಕದಿಂದ. ಮಳೆಯ ದಿನ ಅವರಿಗೆ ಶೀಟಿನಡಿ ಮೈಯುಜ್ಜುವುದು, ಗೊರಸು ಕೆರೆಯುವುದು, ಜೀನು ಬಿಗಿಯುವುದು ಕಲಿಸು. ಅದೂ ಪಾಠವೇ, ಅದಕ್ಕೂ ಶುಲ್ಕ ತೆಗೆದುಕೋ. ಸಂಕೋಚಪಡುವ ಸ್ವಭಾವ ನಿನ್ನದು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಗೇಟಿನ ಬಳಿ ಒಂದು ತೂಕದ ಯಂತ್ರ ಇಡು. ಜೀನೂ ಸೇರಿ ಕುದುರೆಯ ತೂಕದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಹೊರಿಸಬಾರದು. 450 ಕಿಲೋದ ಕುದುರೆಗೆ 90 ಕಿಲೋ. ತೂಕ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ, ನಿಮ್ಮ ಅತ್ತೆಯನ್ನೂ ಸೇರಿಸಿ. ಚಪ್ಪಲಿಯಲ್ಲಿ ಬಂದವರನ್ನು ಹತ್ತಿಸಬೇಡ, ಕಾಲು ರಿಕಾಪಿನ, ಅಂದರೆ ಪಾದ ಊರುವ ಬಳೆಯ, ಒಳಗೆ ಜಾರಿ ಸಿಕ್ಕಿಕೊಂಡರೆ ಬಿದ್ದವರನ್ನು ಕುದುರೆ ಎಳೆದುಕೊಂಡೇ ಓಡುತ್ತದೆ. ಹೆಲ್ಮೆಟ್, ವಿಮೆ ಇಲ್ಲದೆ ಬಾಗಿಲೇ ತೆರೆಯಬೇಡ.

ಆಳಿನ ವಿಷಯ ನೀನು ಬರೆದೇ ಇಲ್ಲ. ಪ್ರವಾಸಿಗರು ಮುಗಿಬೀಳುವ ಡಿಸೆಂಬರ್‌ನಲ್ಲೇ ಕಾಫಿ ಕೊಯ್ಲು, ಕೈಗೆ ಯಾರೂ ಸಿಗುವುದಿಲ್ಲ. ಕುದುರೆ ನೋಡಿಕೊಳ್ಳುವವನಿಗೆ ಮಳೆಗಾಲದಲ್ಲೂ ಪೂರ್ತಿ ಸಂಬಳ ಕೊಟ್ಟರೆ ಮಾತ್ರ ಅವನು ಆಗ ನಿಲ್ಲುತ್ತಾನೆ.

ಹೊಸ ಲೆಕ್ಕ ಬರೆದುಕೊಂಡು ಕೈಲ್ ಪೊಳ್ದು ಹಬ್ಬಕ್ಕೆ ಬಾ. ಅಷ್ಟರವರೆಗೆ ಯಾರಿಗೂ ಮುಂಗಡ ಕೊಡಬೇಡ. ಕೊಳೆತ ಲದ್ದಿಯನ್ನು ನಮ್ಮ ತೋಟಕ್ಕೆ ನಾನೇ ಕೊಳ್ಳುತ್ತೇನೆ. ದೊಡ್ಡಪ್ಪನೆಂದು ಪುಕ್ಕಟೆ ಕಳುಹಿಸಿದರೆ ಲಾರಿ ವಾಪಸ್.

ನಿನ್ನ
ದೊಡ್ಡಪ್ಪ