ಜಯಲಕ್ಷ್ಮಿ ವಿಲಾಸದಲ್ಲಿ ಮನೆಯ ಕಥೆಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯಲ್ಲಿರುವ ಜಯಲಕ್ಷ್ಮಿ ವಿಲಾಸ ಅರಮನೆಯ ಸಂರಕ್ಷಣೆಯ ಮಾತು ಬಂದಾಗಲೆಲ್ಲ ಚರ್ಚೆಯು ಚಾವಣಿ, ಗೋಡೆ ಮತ್ತು ಅನುದಾನದ ಸುತ್ತಲೇ ನಿಂತುಬಿಡುತ್ತದೆ. ದುರಸ್ತಿ ಮೊದಲು ಆಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ದುರಸ್ತಿಯಾದ ಮೇಲೆ ಒಳಗೆ ಕಾಲಿಡುವವರಿಗೆ ಆ ಕಟ್ಟಡ ತನ್ನ ಬಗ್ಗೆ ಏನು ಹೇಳಬೇಕು ಎಂಬುದನ್ನೂ ಸಂಬಂಧಪಟ್ಟವರು ಈಗಲೇ ಯೋಚಿಸಬೇಕೆಂದು ಕೋರುತ್ತೇನೆ.

ನಾಲ್ವಡಿ ಕೃಷ್ಣರಾಜ ಒಡೆಯರ ಅಕ್ಕ ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕುಕ್ಕರಹಳ್ಳಿ ಕೆರೆಯ ಪಶ್ಚಿಮಕ್ಕೆ, ದಿಣ್ಣೆಯ ಮೇಲೆ ಕಟ್ಟಿಸಿದ ಮನೆಯಿದು. ಅವರ ಪತಿ ಎಂ. ಕಾಂತರಾಜ ಅರಸರು ವಿಶ್ವೇಶ್ವರಯ್ಯನವರ ನಂತರ ಮೈಸೂರಿನ ದಿವಾನರಾದವರು. ಜಯಲಕ್ಷ್ಮಮ್ಮಣ್ಣಿಯವರ ತಂಗಿಯರ ಮಹಲುಗಳ ಪೈಕಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಇಂದು ಆಹಾರ ಸಂಶೋಧನಾ ಸಂಸ್ಥೆಯೂ ಕಾರಂಜಿ ವಿಲಾಸದಲ್ಲಿ ಅಂಚೆ ತರಬೇತಿ ಕೇಂದ್ರವೂ ಇವೆ. ಕುವೆಂಪು ಅವರು ಕುಲಪತಿಗಳಾಗಿದ್ದಾಗ ಮೈಸೂರು ವಿಶ್ವವಿದ್ಯಾನಿಲಯದ ಕೈಸೇರಿದ ಜಯಲಕ್ಷ್ಮಿ ವಿಲಾಸ ಮಾತ್ರ ಜಾನಪದ ವಸ್ತುಸಂಗ್ರಹಾಲಯವಾಗಿ ಜನರನ್ನು ಒಳಗೆ ಕರೆದುಕೊಂಡಿತು. 1968ರಲ್ಲಿ ಆರಂಭವಾದ ಆ ಸಂಗ್ರಹಾಲಯಕ್ಕಾಗಿ ಜೀ.ಶಂ. ಪರಮಶಿವಯ್ಯ, ಪಿ.ಆರ್. ತಿಪ್ಪೇಸ್ವಾಮಿಯವರಂಥವರು ಊರೂರು ಅಲೆದು ತಂದ ತೊಗಲುಗೊಂಬೆ, ಸೋಮನ ಕುಣಿತದ ಮುಖವಾಡ, ಯಕ್ಷಗಾನದ ವೇಷಭೂಷಣ, ಅಳತೆಯ ಪಾತ್ರೆ, ಬೇಸಾಯದ ಸಲಕರಣೆಗಳನ್ನು ಅಲ್ಲಿ ನೋಡಿದವರು ಮರೆಯಲಾರರು. ಅವುಗಳಲ್ಲಿ ಒಂದೂ ಆ ಜಾಗ ಬಿಟ್ಟು ಕದಲಬೇಕೆಂಬುದು ನನ್ನ ಅಭಿಪ್ರಾಯವಲ್ಲ.

ನನಗೆ ಕೊರತೆಯೆನಿಸಿದ್ದು ಬೇರೆ. ಜೋಡಿ ಕಂಬಗಳ ಮೊಗಸಾಲೆ ದಾಟಿ, ಬಣ್ಣದ ಗಾಜಿನ ಬೆಳಕು ಬೀಳುವ ಕಲ್ಯಾಣ ಮಂಟಪದಲ್ಲಿ ನಿಂತು ತಲೆಯೆತ್ತಿ ನೋಡಿದವರಿಗೂ ಅದು ಒಂದು ಕುಟುಂಬ ಬಾಳಿದ ಮನೆಯೆಂಬುದು ಅರಿವಾಗುತ್ತಿರಲಿಲ್ಲ. ಸುಮಾರು 125 ಕೋಣೆಗಳ ಆ ಮನೆಯಲ್ಲಿ ಊಟ ಎಲ್ಲಿ, ಪೂಜೆ ಎಲ್ಲಿ, ಬಂದ ನೆಂಟರು ತಂಗುತ್ತಿದ್ದುದು ಎಲ್ಲಿ? ಮುನ್ನೂರರಷ್ಟಿರುವ ಕಿಟಕಿಗಳನ್ನು ಸಂಜೆ ಮಳೆ ಬಂದಾಗ ಓಡಿಹೋಗಿ ಮುಚ್ಚುತ್ತಿದ್ದವರು ಯಾರು? ನೀರು ಹೊತ್ತವರು, ಸೌದೆ ಒಡೆದವರು, ಮಕ್ಕಳನ್ನು ಎತ್ತಿ ಆಡಿಸಿದವರು ಇಲ್ಲದೆ ಅಂಥ ಮನೆ ಒಂದು ದಿನವೂ ನಡೆಯುತ್ತಿರಲಿಲ್ಲ. ಸಂಗ್ರಹಾಲಯದಲ್ಲಿರುವ ಮೊರ, ಬುಟ್ಟಿ, ಬೀಸುವ ಕಲ್ಲುಗಳು ಅಂಥ ದುಡಿಮೆಯ ಜನರ ಕೈಯವೇ. ಅಡುಗೆಮನೆ, ಉಗ್ರಾಣ, ಆಳುಕಾಳುಗಳ ಕೋಣೆಗಳನ್ನು ಗುರುತಿಸಿ ಈ ವಸ್ತುಗಳಲ್ಲಿ ಕೆಲವನ್ನು ಅಲ್ಲಿಯೇ ಇರಿಸಿದರೆ ಜಾನಪದಕ್ಕೂ ಅರಮನೆಗೂ ಇರುವ ನಂಟು ತಾನಾಗಿಯೇ ಕಾಣುತ್ತದೆ. ನಾಲ್ಕೈದು ಕೋಣೆ ಇದಕ್ಕೆ ಸಾಕು.

ಹಳೆಯ ಪೀಠೋಪಕರಣ ಸಿಗದಿದ್ದಲ್ಲಿ ಅಂಗಡಿಯಿಂದ ತಂದ ಅನುಕರಣೆಗಳನ್ನು ತುಂಬದೆ ಕೋಣೆಯನ್ನು ಖಾಲಿಯಾಗಿಯೇ ಬಿಟ್ಟು, ಅದರ ಬಳಕೆ ಏನಿತ್ತೆಂದು ಕನ್ನಡದಲ್ಲಿ ಸ್ಪಷ್ಟವಾಗಿ ಬರೆದು ಹಾಕುವುದು ಹೆಚ್ಚು ಪ್ರಾಮಾಣಿಕವಾದೀತು. 2000ದ ದಶಕದಲ್ಲಿ ಇನ್ಫೊಸಿಸ್ ಪ್ರತಿಷ್ಠಾನದ ನೆರವಿನಿಂದ ನಡೆದ ನವೀಕರಣದ ನಕ್ಷೆ, ಛಾಯಾಚಿತ್ರಗಳೂ ಕಟ್ಟಡದ ಇತಿಹಾಸದ ಭಾಗವೇ ಆಗಿರುವುದರಿಂದ ಅವುಗಳಿಗೂ ಒಂದು ಗೋಡೆ ಮೀಸಲಿಡಬಹುದು.

ಇವೆಲ್ಲಕ್ಕೂ ಮೊದಲು ಆಗಬೇಕಾದ ಕೆಲಸವೊಂದಿದೆ. ಆ ಮನೆಯಲ್ಲಿ ದುಡಿದವರ ಮಕ್ಕಳು, ಮೊಮ್ಮಕ್ಕಳು ಮೈಸೂರಿನಲ್ಲಿ ಇದ್ದರೆ ಅವರನ್ನು ಹುಡುಕಿ, ಮನೆಯಲ್ಲಿ ಕೇಳಿ ಬೆಳೆದ ಮಾತುಗಳನ್ನು ಧ್ವನಿಮುದ್ರಿಸಿಕೊಳ್ಳಬೇಕು. ಗಾರೆ ಕೆಲಸಕ್ಕೆ ಬೇಕಾಗುವಷ್ಟು ಹಣ ಇದಕ್ಕೆ ಬೇಡ. ಜಾನಪದ ವಿಭಾಗದ ವಿದ್ಯಾರ್ಥಿಗಳಿಗೆ ಈ ವರ್ಷದ ಕ್ಷೇತ್ರಕಾರ್ಯವಾಗಿ ಇದನ್ನು ವಹಿಸಬಹುದು.

ಇಂತಿ,
ಓರ್ವ ಓದುಗ, ಮೈಸೂರು