ಕೆಡವುತ್ತೀರಾ, ದುರಸ್ತಿ ಮಾಡುತ್ತೀರಾ? ಮೈಸೂರಿನ ಅಭ್ಯರ್ಥಿಗಳಿಗೊಂದು ಬಹಿರಂಗ ಪತ್ರ

ಮೈಸೂರಿನಲ್ಲಿ ಮುಂದಿನ ಚುನಾವಣೆಗೆ ನಿಲ್ಲಲಿರುವ ಎಲ್ಲ ಪಕ್ಷಗಳ ಅಭ್ಯರ್ಥಿಗಳಿಗೆ,

ನಮಸ್ಕಾರ.

ಓಟು ಕೇಳಲು ಬಂದಾಗ ನೀವೆಲ್ಲರೂ ಪಾರಂಪರಿಕ ಮೈಸೂರನ್ನು ಉಳಿಸುತ್ತೇವೆ ಅನ್ನುತ್ತೀರಿ. ನಮ್ಮ ಹಳೇ ಹೂವು-ಹಣ್ಣಿನ ಪೇಟೆ ದೇವರಾಜ ಮಾರುಕಟ್ಟೆಯನ್ನು ಕೆಡವಬೇಕು ಅನ್ನುವವರದ್ದೂ ಅದೇ ಮಾತು, ಬೇಡ ಅನ್ನುವವರದ್ದೂ ಅದೇ ಮಾತು. ನಾವು ಯಾವುದನ್ನು ನೋಡಿ ಓಟು ಹಾಕೋದು?

ಕೆಡವಬೇಕು ಅನ್ನುವವರ ಭಯ ಸುಳ್ಳಲ್ಲ. 2012ರ ಆಗಸ್ಟ್‌ನಲ್ಲಿ ಊರಿನ ಇನ್ನೊಂದು ಹಳೇ ಕಟ್ಟಡವಾದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಹಳೇ ಪುಸ್ತಕಗಳಿಗಾಗಿ ಊರವರೆಲ್ಲ ಹೋಗುತ್ತಿದ್ದ ಆ ಸಾಲು ಅಂಗಡಿಗಳು ಆಮೇಲೆ ಖಾಲಿಯಾದವು. 2016ರ ಆಗಸ್ಟ್‌ನಲ್ಲಿ ದುರಸ್ತಿ ನಡೆಯುತ್ತಿದ್ದಾಗಲೇ ದೇವರಾಜ ಮಾರುಕಟ್ಟೆಯ ಉತ್ತರದ ಹೆಬ್ಬಾಗಿಲು ಉರುಳಿತು. ಎರಡೂ ಮಳೆಗಾಲದಲ್ಲೇ ಬಿದ್ದವು, ಗಮನಿಸಿ.

ಇಂಥ ಕಟ್ಟಡಗಳು ವಯಸ್ಸಾಯಿತು ಅಂತ ಬೀಳುವುದಿಲ್ಲ, ನೀರು ಕುಡಿದು ಬೀಳುತ್ತವೆ. ಚಾವಣಿ ಮೇಲೆ ಅರಳಿ ಗಿಡ ಹುಟ್ಟುತ್ತದೆ, ಯಾರೂ ಕೀಳುವುದಿಲ್ಲ. ಮಳೆನೀರಿನ ಕೊಳವೆಯಲ್ಲಿ ಕಸ ತುಂಬುತ್ತದೆ, ಯಾರೂ ತೆಗೆಯುವುದಿಲ್ಲ. ಗೋಡೆ ಬಿರುಕು ಬಿಟ್ಟರೆ ಯಾರೋ ಬಂದು ಸಿಮೆಂಟ್ ಮೆತ್ತಿ ಹೋಗುತ್ತಾರೆ. ಸುಣ್ಣದ ಗಾರೆಯ ಗೋಡೆ ಒಳಗಿನ ತೇವವನ್ನು ನಿಧಾನಕ್ಕೆ ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ್ ಬಿದ್ದರೆ ತೇವ ಒಳಗೇ ನಿಂತು ಇಟ್ಟಿಗೆಯನ್ನು ತಿನ್ನುತ್ತದೆ. ಇದೆಲ್ಲ ಗಾರೆ ಕೆಲಸ ಬಲ್ಲ ಯಾವ ಮೇಸ್ತ್ರಿಗೂ ಗೊತ್ತು. ಟೆಂಡರ್ ಬರೆಯುವವರಿಗೆ ಮಾತ್ರ ಗೊತ್ತಿದ್ದಂತಿಲ್ಲ!

ಕೆಡವಿ ಅದೇ ಶೈಲಿಯಲ್ಲಿ ಕಟ್ಟಿಕೊಡುತ್ತೇವೆ ಅನ್ನುವುದು ಹೊಸ ಕಟ್ಟಡದ ಮಾತು, ದಯವಿಟ್ಟು ಅದನ್ನು ಸಂರಕ್ಷಣೆ ಅನ್ನಬೇಡಿ. ಹೊಸದೇ ಬೇಕು ಅನ್ನುವುದು ನಿಮ್ಮ ನಿಲುವಾದರೆ ಹಾಗೆಂದೇ ಹೇಳಿ, ತಪ್ಪೇನಿಲ್ಲ. ಈ ವಿಷಯದಲ್ಲಿ ತಜ್ಞರಲ್ಲೇ ಒಮ್ಮತ ಇರಲಿಲ್ಲ, ಜಗಳ ಹೈಕೋರ್ಟ್ ತನಕ ಹೋಗಿತ್ತು. ಆದರೆ ಎರಡು ದೋಣಿಯಲ್ಲಿ ಕಾಲಿಟ್ಟು ಓಟು ಕೇಳಬೇಡಿ.

ಕೆಡವುವುದಾದರೆ ಮಲ್ಲಿಗೆ ಮಾರುವವರು, ವೀಳ್ಯದೆಲೆಯವರು, ರಸಬಾಳೆಯವರು, ಕುಂಕುಮವನ್ನು ಗೋಪುರದ ಹಾಗೆ ಸುರಿದುಕೊಂಡು ಕೂರುವವರು ಅಲ್ಲಿಯವರೆಗೆ ಎಲ್ಲಿ ಹೋಗಬೇಕು? ವಾಪಸ್ ಬಂದಾಗ ಬಾಡಿಗೆ ಎಷ್ಟು? ಬಾಯಿಮಾತು ಸಾಲದು, ಬರಹದಲ್ಲಿ ಬೇಕು. ದುರಸ್ತಿ ಮಾಡುವುದಾದರೆ ಗಾರೆ ಕೆಲಸ ಗೊತ್ತಿರುವವರನ್ನು ಎಲ್ಲಿಂದ ತರುತ್ತೀರಿ? ಆಮೇಲೆ ವರ್ಷ ವರ್ಷ ಮಳೆಗೆ ಮುಂಚೆ ಚಾವಣಿ ನೋಡಿಕೊಳ್ಳುವ ಹಣವನ್ನು ಪಾಲಿಕೆ ಬಜೆಟ್ಟಿನಲ್ಲಿ ಪ್ರತ್ಯೇಕವಾಗಿ ಇಡಿಸುತ್ತೀರಾ? ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಈ ಕೊನೆಯದು. ಅರಳಿ ಗಿಡ ಕೀಳಲು ಯಾವ ಮಂತ್ರಿಯೂ ರಿಬ್ಬನ್ ಕತ್ತರಿಸುವುದಿಲ್ಲವಾದ್ದರಿಂದ ಅದಕ್ಕೆ ಹಣವೂ ಬರುವುದಿಲ್ಲ, ಅಲ್ವಾ?

ನಾನು ದುರಸ್ತಿಯ ಪರ. ಆದರೂ ಕೆಡವುತ್ತೇನೆ ಅಂತ ನೇರವಾಗಿ ಹೇಳಿ, ವ್ಯಾಪಾರಿಗಳಿಗೆ ಬರೆದುಕೊಡುವ ಅಭ್ಯರ್ಥಿಯ ಮಾತನ್ನು ಕೇಳಲು ಸಿದ್ಧ. ಪ್ರಚಾರಕ್ಕೆ ಹೇಗೂ ಹೂವಿನ ಸಾಲಿಗೆ ಬಂದು ಹಾರ ಹಾಕಿಸಿಕೊಂಡು ಫೋಟೋ ತೆಗೆಸಿಕೊಳ್ಳುತ್ತೀರಿ. ಈ ಸಲ ಬರುವಾಗ ನಿಮ್ಮ ಉತ್ತರಗಳನ್ನು ಅಚ್ಚು ಹಾಕಿಸಿ, ಸಹಿ ಮಾಡಿ ತನ್ನಿ.

ಇಂತಿ,
ಮೈಸೂರಿನ ಒಬ್ಬ ಮತದಾರ