ರೈಲು ನಿಲ್ಲಿಸಿದ ಜಾರ್ಜ್, ರೈಲು ತಂದ ಜಾರ್ಜ್

ಡೊಂಬಿವಲಿ

ಪ್ರಿಯ ಗೆಳೆಯ,

ಯೂನಿಯನ್ ಲೀಡರು ಪಾರ್ಲಿಮೆಂಟಿಗೆ ಹೋಗಿ ಗಲಾಟೆ ಬಿಟ್ಟು ಏನು ಮಾಡಿದ ಎಂದು ಜಾರ್ಜ್ ಫರ್ನಾಂಡಿಸ್ ಬಗ್ಗೆ ನೀನು ಕೇಳಿದ್ದೆ. ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯಲು ಬಿಡುವುದಿಲ್ಲ. ಅದಕ್ಕೇ ಈ ಪತ್ರ.

ಮಂಗಳೂರಿನ ಹುಡುಗ. ಪಾದ್ರಿಯಾಗಲಿ ಎಂದು ಮನೆಯವರು ಬೆಂಗಳೂರಿನ ಸೆಮಿನರಿಗೆ ಕಳಿಸಿದರು. ಅಲ್ಲಿ ಗುರುಗಳಿಗೆ ಎತ್ತರದ ಮೇಜು, ಒಳ್ಳೆಯ ಊಟ. ಹುಡುಗರಿಗೆ ಬೇರೆಯೇ ಪಂಕ್ತಿ. ಅದು ಸಹಿಸದೆ ಹೊರಬಂದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಊರಿನಲ್ಲಿ ಹೋಟೆಲ್ ಕಾರ್ಮಿಕರನ್ನು ಒಟ್ಟುಗೂಡಿಸಿ, 1949ರಲ್ಲಿ ಮುಂಬೈಗೆ ಬಂದರು. ಚೌಪಾಟಿಯ ಬೆಂಚಿನ ಮೇಲೆ ನಿದ್ದೆ, ಆಮೇಲೆ ಪತ್ರಿಕೆಯೊಂದರಲ್ಲಿ ಪ್ರೂಫ್ ನೋಡುವ ಕೆಲಸ. ಬಂದರಿನ ಕೂಲಿಗಳ ನಾಯಕ ಪ್ಲಾಸಿಡ್ ಡಿಮೆಲ್ಲೊ ಅವರ ಹತ್ತಿರ ಯೂನಿಯನ್ ಪಾಠ. ಟ್ಯಾಕ್ಸಿಯವರು, ಮುನಿಸಿಪಾಲಿಟಿ ಕೆಲಸಗಾರರು ಎಲ್ಲ ಅವರ ಹಿಂದೆ ಬಂದರು. 1961ರಲ್ಲಿ ಕಾರ್ಪೊರೇಟರ್ ಕೂಡ ಆದರು.

ಇನ್ನು ರೈಲಿನ ಕಥೆ ಕೇಳು. 1967ರಲ್ಲಿ ದಕ್ಷಿಣ ಮುಂಬೈಯಲ್ಲಿ ಅವರು ಸೋಲಿಸಿದ್ದು ಎಸ್.ಕೆ. ಪಾಟೀಲರನ್ನು. ಮೂರು ಸಲ ಮುಂಬೈ ಮೇಯರ್ ಆಗಿದ್ದ, ಈ ಪೇಟೆಯನ್ನು ಕೈಯಲ್ಲಿಟ್ಟುಕೊಂಡಿದ್ದ ಮನುಷ್ಯ. ಆಗ ದೇಶದ ರೈಲ್ವೆ ಮಂತ್ರಿ ಬೇರೆ! ಏಳು ವರ್ಷ ಕಳೆದು, 1974ರ ಮೇ 8ಕ್ಕೆ, ರೈಲ್ವೆ ನೌಕರರ ಫೆಡರೇಷನ್ನಿನ ಅಧ್ಯಕ್ಷರಾಗಿ ಇದೇ ಜಾರ್ಜ್ ದೇಶದ ರೈಲು ನಿಲ್ಲಿಸಲು ಹೊರಟರು. ಎಂಟು ಗಂಟೆ ದುಡಿಮೆ, ಬೋನಸ್, ಸರಿಯಾದ ಸಂಬಳ ಬೇಕಿತ್ತು. ಮುಷ್ಕರಕ್ಕೆ ಮೊದಲೇ ಅವರನ್ನು ಬಂಧಿಸಿದರು. ಸಾವಿರಾರು ಜನ ಜೈಲಿಗೆ ಹೋದರು, ಎಷ್ಟೋ ಜನರ ಕೆಲಸ ಹೋಯಿತು. 27ಕ್ಕೆ ಮುಷ್ಕರ ಹಿಂದೆ ಪಡೆಯಬೇಕಾಯಿತು. ಸೋತ ಮುಷ್ಕರ ಅದು, ಒಪ್ಪುತ್ತೇನೆ.

ತುರ್ತು ಪರಿಸ್ಥಿತಿ, ಸರಕಾರದ ವಿರುದ್ಧ ಸ್ಫೋಟಕ್ಕೆ ಸಂಚು ಮಾಡಿದರೆಂದು ಹಾಕಿದ ಬರೋಡಾ ಡೈನಮೈಟ್ ಪ್ರಕರಣ, ಜೈಲಿನಲ್ಲಿದ್ದೇ 1977ರಲ್ಲಿ ಮುಜಫ್ಫರ್‌ಪುರದಿಂದ ಗೆದ್ದದ್ದು, ಇದೆಲ್ಲ ನಿನಗೂ ಗೊತ್ತು.

1989ರ ಡಿಸೆಂಬರಿನಲ್ಲಿ ಆ ಮನುಷ್ಯ ರೈಲ್ವೆ ಮಂತ್ರಿಯಾದರು. ಕುರ್ಚಿ ಇದ್ದದ್ದು ಒಂದು ವರ್ಷಕ್ಕೂ ಕಡಿಮೆ. ಅಷ್ಟರಲ್ಲೇ, 1990ರ ಜುಲೈಯಲ್ಲಿ, ಕರಾವಳಿಗುಂಟ ಮುಂಬೈ ಕಡೆಯಿಂದ ಮಂಗಳೂರಿಗೆ ಹಳಿ ಹಾಕಲು ಕೊಂಕಣ ರೈಲ್ವೆ ಕಾರ್ಪೊರೇಷನ್ ಆಯಿತು. ಹಣಕಾಸು ಮಂತ್ರಿ ಮಧು ದಂಡವತೆ ಜೊತೆಗಿದ್ದರು. (ಅವರೂ ಮುಂಬೈಯ ಸಿದ್ಧಾರ್ಥ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತಿದ್ದವರು. ಸೆಕೆಂಡ್ ಕ್ಲಾಸಿನ ಮರದ ಬರ್ತಿಗೆ ಮೆತ್ತೆ ಬಂದದ್ದು ಅವರು ರೈಲ್ವೆ ಮಂತ್ರಿಯಾಗಿದ್ದಾಗ. ನನ್ನ ಬೆನ್ನು ಇವತ್ತಿಗೂ ಅವರಿಗೆ ಋಣಿ.) ಬಜೆಟ್ಟಿಗೆ ಕಾಯುತ್ತಾ ಕೂರದೆ ಬಾಂಡ್ ಮಾರಿ ದುಡ್ಡು ಎತ್ತುವ ದಾರಿ ಹುಡುಕಿದರು. ನಿವೃತ್ತರಾಗಿದ್ದ ರೈಲ್ವೆ ಎಂಜಿನಿಯರ್ ಶ್ರೀಧರನ್ ಅವರ ಕೈಗೆ ಕೆಲಸ ಕೊಟ್ಟರು. ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಹತ್ತಿರದ ತೋಕೂರಿನವರೆಗೆ ಸುಮಾರು 740 ಕಿ.ಮೀ., ತೊಂಬತ್ತಕ್ಕೂ ಜಾಸ್ತಿ ಸುರಂಗ. 1998ರಲ್ಲಿ ದಾರಿ ಪೂರ್ತಿ ತೆರೆಯಿತು. ಅದಕ್ಕೆ ಮೊದಲು ಊರಿಗೆ ಹೋಗುವುದೆಂದರೆ ಬಸ್ಸಿನಲ್ಲಿ ಸೊಂಟ ಮುರಿದುಕೊಳ್ಳುವುದು, ಅಲ್ವಾ?

ಅವರು ದೇವರಲ್ಲ ಮಾರಾಯ. 1979ರಲ್ಲಿ ಮೊರಾರ್ಜಿ ಸರಕಾರವನ್ನು ಲೋಕಸಭೆಯಲ್ಲಿ ಸಮರ್ಥಿಸಿ, ಕೆಲವೇ ದಿನದಲ್ಲಿ ಕೈಬಿಟ್ಟರು. ಅದನ್ನು ನಾನು ಸಮರ್ಥಿಸಲಾರೆ. ಕೊನೆಯಲ್ಲಿ ಸೇರಿದ ಬಿಜೆಪಿಯ ಕೂಟವೂ ನನಗೆ ಸರಿಬರಲಿಲ್ಲ. ಆದರೆ ಗಲಾಟೆ ಬಿಟ್ಟು ಏನೂ ಮಾಡಲಿಲ್ಲ ಎಂದು ಮಾತ್ರ ಹೇಳಬೇಡ. ಮುಷ್ಕರ ಮಾಡಿಸಿ ಕಲಿತವರಿಗೇ ಅವಸರದ ಬೆಲೆ ಗೊತ್ತು. ಮಂತ್ರಿಗಿರಿ ಹೆಚ್ಚು ದಿನ ಬಾಳುವುದಿಲ್ಲ ಎಂದು ಲೆಕ್ಕ ಹಾಕಿಯೇ ಕೆಲಸಕ್ಕೆ ಇಳಿದರು ಅನ್ನಿಸುತ್ತದೆ ನನಗೆ.

ಒಂದು ತಮಾಷೆ ನೋಡು. 1984ರಲ್ಲಿ ಬೆಂಗಳೂರು ಉತ್ತರದಲ್ಲಿ ನಿಂತಾಗ ಅವರು ಜಾಫರ್ ಷರೀಫರೆದುರು ಸೋತರು. ಮುಂದೆ ಕೊಂಕಣದಲ್ಲಿ ಹಳಿ ಹಾಕುತ್ತಿದ್ದಾಗ ರೈಲ್ವೆ ಮಂತ್ರಿಯಾಗಿದ್ದವರು ಅದೇ ಷರೀಫರು!

ನಿನ್ನ ಅಪ್ಪ 1967ರಲ್ಲಿ ಫೋರ್ಟಿನ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದರಲ್ಲ? ಆ ಸಲ ಓಟು ಯಾರಿಗೆ ಹಾಕಿದ್ದರು ಎಂದು ಕೇಳಿ ಬರಿ.

ನಿನ್ನ,
ಮುಂಬೈಯ ಗೆಳೆಯ